ಅಂಬಲಿಯನ್ನು ಬಾಟಲಿಗೆ ತುಂಬಿದ ಕಥೆ: ನನ್ನ ಅನುಭವ

"ಅಂಬಲಿನ ಯಾರಾದ್ರೂ ದುಡ್ಡು ಕೊಟ್ಟು ಕುಡೀತಾರೇನಮ್ಮ?" 2022ರ ಬೇಸಿಗೆಯಲ್ಲಿ ನಮ್ಮತ್ತೆ ಕೇಳಿದ ಮಾತು ಇದು. ಅವರ ತವರು ಶಿರಾ ಕಡೆ. ಅಲ್ಲಿ ಅಂಬಲಿ ಅಂದರೆ ಹೊಲಕ್ಕೆ ಹೊರಟವರಿಗೆ ಗಡಿಗೆಯಿಂದ ಬಗ್ಗಿಸಿ ಕೊಡುವುದು. ದಾರಿಯಲ್ಲಿ ಹೋಗುವವರು ಬಾಯಾರಿ ಬಂದರೆ ಅವರಿಗೂ ಒಂದು ಲೋಟ. ಅದಕ್ಕೆ ಬೆಲೆ ಕಟ್ಟುವುದು ಅವರಿಗೆ ಸರಿ ಕಾಣಲಿಲ್ಲ.

ನಾನು ಆಗ ತುಮಕೂರಿನಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಿದ್ದೆ. ಕೊರೊನಾ ಮುಗಿದ ಮೇಲೆ ಊಟ ತರಿಸುವವರ ಪ್ರಶ್ನೆಗಳೇ ಬದಲಾದವು. ಮೊದಲು "ಎಣ್ಣೆ ಜಾಸ್ತಿನಾ? ಶುಗರ್ ಇರೋರಿಗೆ ಆಗುತ್ತಾ?" ಅಂತ ಕೇಳುತ್ತಿದ್ದರು. ಆಮೇಲೆ "ಗಟ್ ಹೆಲ್ತ್‌ಗೆ, ಅಂದ್ರೆ ಕರುಳಿನ ಆರೋಗ್ಯಕ್ಕೆ, ಏನಾದ್ರೂ ಇದ್ಯಾ ಅಕ್ಕ?" ಅಂತ ಶುರುವಾಯಿತು. ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವ ಒಬ್ಬ ಹುಡುಗಿ ಅಲ್ಲಿಂದ ಕೊಂಬುಚಾ ಎಂಬ ಹುಳಿ ಬರಿಸಿದ ಚಹಾದ ಬಾಟಲಿ ತಂದು ತೋರಿಸಿದಳು. ಕುಡಿದು ನೋಡಿದೆ. ಹುಳಿ, ಸ್ವಲ್ಪ ಜುಮ್ಮೆನ್ನುವ ಗ್ಯಾಸು. ಮೂರನೇ ದಿನದ ಅಂಬಲಿಯ ನೆನಪಾಯಿತು. ಇದಕ್ಕೆ ಅಷ್ಟು ದುಡ್ಡು ಕೊಡುವವರು ನಮ್ಮ ರಾಗಿಗೆ ಯಾಕೆ ಕೊಡಬಾರದು ಅನ್ನಿಸಿತು.

ಮೊದಲ ತಿಂಗಳು ಅತ್ತೆ ಮಾಡುವ ಹಾಗೇ ಮಾಡಿದೆ. ರಾತ್ರಿ ರಾಗಿ ಹಿಟ್ಟನ್ನು ನೀರಲ್ಲಿ ಕಲಸಿ ಹುಳಿಗೆ ಬಿಡುವುದು. ಬೆಳಗ್ಗೆ ಅದನ್ನು ಕುದಿಯುವ ನೀರಿಗೆ ಹಾಕಿ ಗಂಟಾಗದಂತೆ ತಿರುವುವುದು. ಆರಿದ ಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ. ದಿನಕ್ಕೆ ಇಪ್ಪತ್ತು ಬಾಟಲಿ ತೆಗೆದುಕೊಂಡು ಬೆಳಗ್ಗೆ ಆರಕ್ಕೆ ಅಮಾನಿಕೆರೆ ಹತ್ತಿರ ನಿಲ್ಲುತ್ತಿದ್ದೆ. ವಾಕಿಂಗ್ ಮುಗಿಸಿ ಬರುವವರೇ ಗಿರಾಕಿಗಳು.

ಅಲ್ಲಿ ನಿವೃತ್ತರಾದ ಬಯಾಲಜಿ ಮೇಷ್ಟ್ರೊಬ್ಬರು ದಿನಾ ಒಂದು ಬಾಟಲಿ ಕುಡಿಯುತ್ತಿದ್ದರು. ಒಂದು ದಿನ ಮಾಡುವ ಕ್ರಮ ಕೇಳಿದರು. ಹೇಳಿದೆ.

"ಅಲ್ಲಮ್ಮಾ, ಹುಳಿ ಬರಿಸಿ ಆಮೇಲೆ ಕುದಿಸ್ತೀಯಲ್ಲ, ಅದರೊಳಗೆ ಜೀವ ಇರೋದು ಏನುಳೀತು?" ಅಂದರು.

ಅಷ್ಟು ದಿನ ಈ ಯೋಚನೆಯೇ ನನಗೆ ಬಂದಿರಲಿಲ್ಲ. ರಾತ್ರಿಯೆಲ್ಲ ಹಿಟ್ಟಿನಲ್ಲಿ ಬೆಳೆದ, ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳಗಿನ ಕುದಿಯಲ್ಲಿ ಸಾಯುತ್ತವೆ. ಹುಳಿ ಉಳಿಯುತ್ತದೆ, ರುಚಿ ಉಳಿಯುತ್ತದೆ, ಹುದುಗು ಬಂದ ಹಿಟ್ಟು ಜೀರ್ಣಕ್ಕೂ ಸುಲಭ. ಆದರೆ ಜೀವಂತವಾಗಿ ಬಾಟಲಿ ಸೇರುವುದು ಆಮೇಲೆ ಬೆರೆಸಿದ ಮಜ್ಜಿಗೆಯ ಬ್ಯಾಕ್ಟೀರಿಯಾ ಮಾತ್ರ. ಗಟ್ ಹೆಲ್ತ್ ಅಂತ ಕೇಳಿಕೊಂಡು ಬರುವವರಿಗೆ ನಾನು ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಮಜ್ಜಿಗೆಯನ್ನೇ.

ಮನೆಗೆ ಬಂದು ಕ್ರಮ ಹಿಂದುಮುಂದು ಮಾಡಿದೆ. ಮೊದಲು ಬೇಯಿಸುವುದು, ಆರಿಸುವುದು, ಆಮೇಲೆ ಹೆಪ್ಪು ಹಾಕಿ ಹುಳಿಗೆ ಬಿಡುವುದು. ಹೇಳೋಕೆ ಒಂದೇ ಸಾಲು. ಸರಿಯಾಗಿ ಬರಲು ಎಂಟು ತಿಂಗಳು ಹಿಡಿಯಿತು.

ಮೊದಲ ತೊಂದರೆ ಗಟ್ಟಿಯಾಗುವುದು. ಬೆಂದ ರಾಗಿ ಫ್ರಿಡ್ಜ್‌ಗೆ ಹೋದರೆ ಗೊಜ್ಜಿನ ಹಾಗೆ ಕೂರುತ್ತದೆ, ಬಾಟಲಿಯಿಂದ ಇಳಿಯುವುದೇ ಇಲ್ಲ. ನೀರು ಜಾಸ್ತಿ ಹಾಕಿದರೆ ಕೆಳಗೆ ಹಿಟ್ಟು, ಮೇಲೆ ತಿಳಿ. ಇದಕ್ಕೆ ಮೊಳಕೆ ರಾಗಿ ಕೈಹಿಡಿಯಿತು. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡು ಮಾಡಿ ಗಂಜಿಯನ್ನು ತೆಳುವಾಗಿಸುತ್ತದೆ. ಮಕ್ಕಳಿಗೆ ಕೊಡುವ ರಾಗಿ ಸರಿಗೆ ಹಿಂದಿನವರು ಮೊಳಕೆ ಕಟ್ಟುತ್ತಿದ್ದುದರಲ್ಲಿ ಈ ಗುಟ್ಟೂ ಇದೆ.

ಈಗ ನಾನು ಮಾಡುವುದು ಹೀಗೆ. ಗುಬ್ಬಿ ತಾಲ್ಲೂಕಿನ ಒಬ್ಬ ರೈತರಿಂದ ಜಿಪಿಯು-28 ಎಂಬ ತಳಿಯ ರಾಗಿ ತರುತ್ತೇನೆ. ಕೇರಿ, ಕಲ್ಲು ಆರಿಸಿ, ಮೂರು ನೀರಲ್ಲಿ ತೊಳೆಯುತ್ತೇನೆ. ಕಾಲು ಭಾಗವನ್ನು ಹನ್ನೆರಡು ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಟ್ಟು, ಬಿಳಿ ಮೊಳಕೆ ಕಂಡ ಕೂಡಲೇ ನೆರಳಲ್ಲಿ ಒಣಗಿಸುತ್ತೇನೆ. ಮೊಳಕೆ ಉದ್ದ ಬಿಟ್ಟರೆ ಕಹಿ. ಉಳಿದ ಮುಕ್ಕಾಲು ಭಾಗ ಮಾಮೂಲಿ ರಾಗಿ. ಎರಡೂ ಸೇರಿಸಿ ಗಿರಣಿಯಲ್ಲಿ ನುಣ್ಣಗೆ ಬೀಸಿಸುತ್ತೇನೆ. ಒಂದು ಕೆಜಿ ಹಿಟ್ಟಿಗೆ 12 ಲೀಟರ್ ನೀರು. ತಣ್ಣೀರಲ್ಲೇ ಕಲಸಿ ಒಲೆಗೆ ಇಡುತ್ತೇನೆ. ಥರ್ಮಾಮೀಟರ್ 60 ಡಿಗ್ರಿ ಮುಟ್ಟಿದಾಗ ಉರಿ ಸಣ್ಣ ಮಾಡಿ, 60ರಿಂದ 70ರ ಒಳಗೆ ಹತ್ತು ನಿಮಿಷ ನಿಧಾನಕ್ಕೆ ತಿರುವುತ್ತೇನೆ. ಕಿಣ್ವ ಕೆಲಸ ಮಾಡುವುದು ಆಗಲೇ. ಗಟ್ಟಿಯಾಗುತ್ತಾ ಬಂದದ್ದು ಕಣ್ಣೆದುರೇ ಸಡಿಲವಾಗುತ್ತದೆ, ಸೌಟಿನ ಭಾರ ಇಳಿಯುತ್ತದೆ. ಈ ಗಳಿಗೆ ಕೈಗೇ ಗೊತ್ತಾಗುತ್ತದೆ. ಆಮೇಲೆ ಜೋರು ಉರಿಯಲ್ಲಿ ಚೆನ್ನಾಗಿ ಕುದಿಸಿ, ಮುಚ್ಚಿ, ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿ ಕೂರಿಸುತ್ತೇನೆ. ಉಗುರು ಬೆಚ್ಚಗಾದಾಗ ಮೂರು ಲೀಟರ್ ಗಟ್ಟಿ ಮಜ್ಜಿಗೆ ಬೆರೆಸುತ್ತೇನೆ.

ಆ ಮಜ್ಜಿಗೆಯ ಹೆಪ್ಪಿನ ವಿಷಯ ಸ್ವಲ್ಪ ಹೇಳಬೇಕು. ಮೊದಲು ಹಿಂದಿನ ದಿನದ್ದರಲ್ಲೇ ಒಂದು ಲೋಟ ಎತ್ತಿಟ್ಟು ಮರುದಿನಕ್ಕೆ ಹಾಕುತ್ತಿದ್ದೆ. ಮನೆ ಬಳಕೆಗೆ ಅದು ಸಾಕು. ಮಾರಾಟಕ್ಕೆ ಸಾಲದು. ಹತ್ತು ಹನ್ನೆರಡು ಸಲ ಆದ ಮೇಲೆ ಯೀಸ್ಟ್ ಸೇರಿಕೊಂಡು ಹೆಂಡದ ವಾಸನೆ ಬರಲು ಶುರು. ಈಗ ಪೊಟ್ಟಣದಲ್ಲಿ ಸಿಗುವ ಒಣ ಕಲ್ಚರಿನಿಂದ (ಹೆಪ್ಪಿನ ಬ್ಯಾಕ್ಟೀರಿಯಾದ ಪುಡಿ) ವಾರಕ್ಕೊಮ್ಮೆ ಹೊಸ ಹೆಪ್ಪು ಮಾಡುತ್ತೇನೆ. ಹಳೆಯದನ್ನು ಮುಲಾಜಿಲ್ಲದೆ ಚೆಲ್ಲುತ್ತೇನೆ.

ಹುಳಿ ಎಷ್ಟು ಅನ್ನೋದನ್ನು ನಾಲಿಗೆಗೆ ಬಿಡಬಾರದು. ಬೆಳಗಿನ ನಾಲಿಗೆ ಬೇರೆ, ಮಧ್ಯಾಹ್ನದ ನಾಲಿಗೆ ಬೇರೆ. ಹುಳಿಯನ್ನು ಅಂಕಿಯಲ್ಲಿ ತೋರಿಸುವ ಒಂದು ಡಿಜಿಟಲ್ ಪಿಎಚ್ ಮೀಟರ್ ತಂದೆ. ಹುಳಿ ಏರಿದಷ್ಟೂ ಅಂಕಿ ಇಳಿಯುತ್ತದೆ. ವಾರಕ್ಕೊಮ್ಮೆ ಪಿಎಚ್ ಮೊದಲೇ ಗೊತ್ತಿರುವ 4 ಮತ್ತು 7ರ ಬಫರ್ ನೀರಿನಲ್ಲಿ ಅದ್ದಿ ಸರಿ ಮಾಡಿಕೊಳ್ಳುತ್ತೇನೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಮ್ ಎಂಬ ವಿಷಾಹಾರದ ಕಾಯಿಲೆ ತರುವ ಅಪಾಯದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನಾನು 4.3ಕ್ಕೆ ಬಂದಾಗ ತುಂಬಿಸಿ ಫ್ರಿಡ್ಜ್‌ಗೆ ಇಡುತ್ತೇನೆ. ಬೇಸಿಗೆಯಲ್ಲಿ ಅದಕ್ಕೆ ಏಳೆಂಟು ಗಂಟೆ ಸಾಕು. ಡಿಸೆಂಬರ್ ಚಳಿಯಲ್ಲಿ ಹದಿನಾಲ್ಕು ಗಂಟೆ ಕಾದರೂ ಕೆಲವು ಸಲ 4.8ರಲ್ಲೇ ನಿಂತಿರುತ್ತಿತ್ತು. ಈಗ ಚಳಿಗಾಲದಲ್ಲಿ ಪಾತ್ರೆಯನ್ನು ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಟ್ಟು, ಅಕ್ಕಪಕ್ಕ ಬಿಸಿನೀರಿನ ಬಾಟಲಿ ಇಡುತ್ತೇನೆ.

ಎರಡು ಪೆಟ್ಟುಗಳನ್ನು ಮರೆಯುವ ಹಾಗಿಲ್ಲ.

ಮೊದಲನೆಯದು ಲ್ಯಾಬ್ ವರದಿ. ಬೆಂಗಳೂರಿನ ಲ್ಯಾಬಿಗೆ ನಾಲ್ಕು ಬಾಟಲಿ ಐಸ್ ಪೆಟ್ಟಿಗೆಯಲ್ಲಿ ತೆಗೆದುಕೊಂಡು ಹೋಗಿ ಕೊಟ್ಟೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಚೆನ್ನಾಗಿವೆ, ಒಂದು ಮಿಲಿಲೀಟರಿಗೆ ಕೋಟಿಯ ಲೆಕ್ಕದಲ್ಲಿ ಅಂತ ಬಂತು. ಕೆಳಗಿನ ಸಾಲಿನಲ್ಲಿ ಕೋಲಿಫಾರ್ಮ್, ಅಂದರೆ ಕೊಳೆ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ, ಕೂಡ ಇದೆ ಅಂತ ಬಂತು. ಕೈ ನಡುಗಿತು. ಅಷ್ಟು ದಿನ ಅದನ್ನೇ ಜನ ಕುಡಿದಿದ್ದರಲ್ಲ. ಅವತ್ತೇ ಮಾರಾಟ ನಿಲ್ಲಿಸಿದೆ. ಒಂದೊಂದೇ ಸಾಮಾನು ಬಿಟ್ಟು ನೋಡುತ್ತಾ ಹೋದಾಗ ಸಿಕ್ಕಿದ್ದು ಹಸಿ ಕೊತ್ತಂಬರಿ ಮತ್ತು ಹಸಿ ಈರುಳ್ಳಿ. ಎಷ್ಟು ತೊಳೆದರೂ ಸೊಪ್ಪಿನ ಜೊತೆ ಮಣ್ಣಿನ ಕ್ರಿಮಿ ಬರುತ್ತದೆ. ಮನೆಯಲ್ಲಿ ಹೆಚ್ಚಿ ಹಾಕಿ ಆಗಲೇ ಕುಡಿಯುವುದು ಬೇರೆ, ಬಾಟಲಿಯಲ್ಲಿ ಏಳು ದಿನ ಇಡುವುದು ಬೇರೆ. ಈಗ ಬಾಟಲಿಯೊಳಗೆ ಉಪ್ಪು, ಹುರಿದ ಜೀರಿಗೆ, ಇಂಗು ಅಷ್ಟೇ. ಈರುಳ್ಳಿ, ಹಸಿಮೆಣಸಿನಕಾಯಿ ಬೇಕಾದವರು ಕುಡಿಯುವಾಗ ಹಾಕಿಕೊಳ್ಳಿ ಅಂತ ಲೇಬಲ್ಲಿನಲ್ಲೇ ಬರೆದಿದ್ದೇನೆ. ಮೂರು ವಾರ ವ್ಯಾಪಾರ ಹೋಯಿತು. ಮತ್ತೆ ವರದಿ ತರಿಸಿ, ಅದರ ಜೆರಾಕ್ಸ್ ಅನ್ನು ಅಮಾನಿಕೆರೆ ಹತ್ತಿರ ಎಲ್ಲರಿಗೂ ತೋರಿಸಿದ ಮೇಲೆ ಶುರು ಮಾಡಿದೆ.

ಎರಡನೆಯದು ಒಂದು ಅಂಗಡಿಯಲ್ಲಿ ಆದದ್ದು. ಮೂವತ್ತು ಬಾಟಲಿ ಇಟ್ಟಿದ್ದೆ. ಮೇ ತಿಂಗಳು. ಮೂರನೇ ದಿನ ಫೋನ್ ಬಂತು: "ನಿಮ್ಮ ಬಾಟ್ಲಿ ಊದ್ಕೊಂಡಿವೆ, ಒಂದು ಮುಚ್ಚಳ ಹಾರೋಯ್ತು." ಹೋಗಿ ನೋಡಿದರೆ ಫ್ರಿಡ್ಜ್ ಗೋಡೆಯೆಲ್ಲ ರಾಗಿ. ಕರೆಂಟ್ ಉಳಿಸಲು ರಾತ್ರಿ ಫ್ರಿಡ್ಜ್ ಆಫ್ ಮಾಡುತ್ತಿದ್ದರು. ಬೆಚ್ಚಗಾದ ಕೂಡಲೇ ಬಾಟಲಿಯೊಳಗೆ ಮತ್ತೆ ಹುದುಗು ಶುರುವಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿತ್ತು. ಗಾಜಿನ ಬಾಟಲಿ ಆಗಿದ್ದರೆ ಯಾರಿಗಾದರೂ ಏಟಾಗುತ್ತಿತ್ತು. ಅಂದಿನಿಂದ ಗಾಜಿನ ಆಸೆ ಬಿಟ್ಟೆ. ಜೀವ ಇರುವ ಪದಾರ್ಥಕ್ಕೆ ತಂಪು ಒಂದು ಕ್ಷಣವೂ ತಪ್ಪಬಾರದು. ರಾತ್ರಿ ಫ್ರಿಡ್ಜ್ ಆಫ್ ಮಾಡುವ ಅಂಗಡಿಗೆ ಎಷ್ಟೇ ಆರ್ಡರ್ ಬಂದರೂ ಕೊಡುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ನಾನು ಶುರು ಮಾಡಿದಾಗ ವರ್ಷಕ್ಕೆ 12 ಲಕ್ಷದ ಒಳಗಿನ ವಹಿವಾಟಿಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಸಾಕಾಗಿತ್ತು, ವರ್ಷಕ್ಕೆ 100 ರೂಪಾಯಿ ಶುಲ್ಕ. ಕೂಲರ್ ಮತ್ತು ಸ್ಟೀಲ್ ಪಾತ್ರೆಗಳಿಗೆ ಸಣ್ಣ ಆಹಾರ ಉದ್ದಿಮೆಗಳಿಗಾಗಿ ಇದ್ದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ ಮಾಡಿದೆ. ಆಗ ಯೋಜನೆಯ ಸಹಾಯಧನ ಶೇ. 35 ಇತ್ತು, ಅದರ ಮೇಲೆ ನಮ್ಮ ರಾಜ್ಯ ಶೇ. 15 ಸೇರಿಸುತ್ತಿತ್ತು. ಒಂದಷ್ಟು ಓಡಾಟ ಇತ್ತು, ಆಯಿತು.

ನನಗೆ ಮುಖ್ಯ ಅನ್ನಿಸುವುದು ಲೇಬಲ್ಲಿನ ವಿಷಯ. ದಿನಕ್ಕೆ ನೂರು ಬಾಟಲಿ ದಾಟಿದ ಮೇಲೆ ಬೆಂಗಳೂರಿನಿಂದ ಒಬ್ಬ ವಿತರಕರು ಬಂದರು. ರುಚಿ ನೋಡಿದರು, ಮೆಚ್ಚಿದರು. "ಮೇಡಂ, ಇದರ ಮೇಲೆ ಪ್ರೊಬಯಾಟಿಕ್ ಅಂತ ದೊಡ್ಡದಾಗಿ ಹಾಕಿ. ಮೂವತ್ತು ರೂಪಾಯಿದು ಎಂಬತ್ತಕ್ಕೆ ಹೋಗುತ್ತೆ" ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನಿಜ. ಐವತ್ತು ರೂಪಾಯಿ ವ್ಯತ್ಯಾಸ ಅಂದರೆ ಸುಮ್ನೆ ಅಲ್ಲ.

ಮೇಷ್ಟ್ರನ್ನು ಕೇಳಿದೆ, ನಿಯಮಗಳನ್ನು ಓದಿಸಿಕೊಂಡೆ. ಪ್ರೊಬಯಾಟಿಕ್ ಅಂದರೆ ಜೀವಂತ ಸೂಕ್ಷ್ಮಜೀವಿ ಅಷ್ಟೇ ಅಲ್ಲ. ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡಾಗ ಆರೋಗ್ಯಕ್ಕೆ ಲಾಭ ಕೊಡುತ್ತದೆ ಅಂತ ತೋರಿಸಿರಬೇಕು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಒಪ್ಪಿದ ಅರ್ಥ ಇದು. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ 2016ರಲ್ಲಿ ನಿಯಮ ಮಾಡಿದೆ. ಯಾವ ತಳಿ ಅಂತ ಗೊತ್ತಿರಬೇಕು, ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಇರಬೇಕು. ಅಂಗಡಿಯಲ್ಲಿ ಸಿಗುವ ಯಾಕುಲ್ಟ್ ನೋಡಿ. 65 ಮಿಲಿಲೀಟರಿನ ಪುಟ್ಟ ಬಾಟಲಿ, ಒಳಗೆ 650 ಕೋಟಿ ಅಂತ ಬರೆದಿರುತ್ತದೆ, ತಳಿಯ ಹೆಸರೂ ಇರುತ್ತದೆ. ಮಿನೊರು ಶಿರೊಟಾ ಎಂಬ ಜಪಾನಿ ವಿಜ್ಞಾನಿ ಬೆಳೆಸಿದ ಆ ತಳಿಯ ಪಾನೀಯ 1935ರಿಂದ ಮಾರಾಟದಲ್ಲಿದೆ. ನನ್ನ ಬಾಟಲಿಯಲ್ಲಿ ಸಂಖ್ಯೆ ಸಾಕಷ್ಟು ಇದೆ. ಆದರೆ ಆ ಬ್ಯಾಕ್ಟೀರಿಯಾ ಹೊಟ್ಟೆಯ ಆಮ್ಲ ದಾಟಿ ಕರುಳು ಸೇರಿ ಇಂಥ ಲಾಭ ಕೊಟ್ಟಿತು ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಮಾಡದೇ ಇರುವುದನ್ನು ಬರೆಯಲು ನನಗೆ ಮನಸ್ಸು ಬರಲಿಲ್ಲ. "ಹೆಪ್ಪು ಹಾಕಿ ಹುಳಿ ಬರಿಸಿದ ರಾಗಿ ಅಂಬಲಿ. ಬೇಯಿಸಿದ ನಂತರ ಹುದುಗಿಸಿದ್ದು. ಹಾಲಿನ ಅಂಶ ಇದೆ. ಫ್ರಿಡ್ಜ್‌ನಲ್ಲಿಡಿ, 7 ದಿನದೊಳಗೆ ಬಳಸಿ." ಇಷ್ಟೇ ಬರೆಸಿದೆ. ವಿತರಕರು ಮತ್ತೆ ಬರಲಿಲ್ಲ.

ಬೇಜಾರಾಯಿತು. ಆದರೆ ಇದೇ ಲೇಬಲ್ ಓದಿ ಕೊಳ್ಳುವ ಜನ ಇದ್ದಾರೆ. ಅವರು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಟ್ಟರೆ ಉಳಿದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇರುವವರಿಗೆ ನಾನೇ ಮುಂದಾಗಿ ಹೇಳುತ್ತೇನೆ: "ಇದು ತೆಳ್ಳಗಿದೆ ಅಂತ ನೀರಿನ ಲೆಕ್ಕಕ್ಕೆ ಹಾಕಬೇಡಿ. ನುಣ್ಣಗೆ ಬೀಸಿ, ಮೊಳಕೆ ಸೇರಿಸಿದ ಹಿಟ್ಟು. ಬೇಗ ಜೀರ್ಣ ಆಗುತ್ತೆ, ಸಕ್ಕರೆನೂ ಬೇಗ ಏರುತ್ತೆ. ತಿಂಡಿ ಲೆಕ್ಕಕ್ಕೆ ಹಿಡೀರಿ." ಹೊಸಬರಿಗೆ ಅರ್ಧ ಲೋಟದಿಂದ ಶುರು ಮಾಡಿ ಅನ್ನುತ್ತೇನೆ, ಅಭ್ಯಾಸ ಇಲ್ಲದವರಿಗೆ ಮೊದಮೊದಲು ಹೊಟ್ಟೆ ಉಬ್ಬರಿಸಬಹುದು. ಕೀಮೋ ಚಿಕಿತ್ಸೆಯಲ್ಲಿದ್ದ ತಾಯಿಗೆ ಅಂತ ಒಬ್ಬರು ಬಾಟಲಿ ಕೇಳಿದಾಗ ಕೊಡಲಿಲ್ಲ. ರೋಗನಿರೋಧಕ ಶಕ್ತಿ ತಗ್ಗಿದವರಿಗೆ ಜೀವಂತ ಬ್ಯಾಕ್ಟೀರಿಯಾ ಇರುವುದನ್ನು ಡಾಕ್ಟರನ್ನು ಕೇಳದೆ ಕೊಡಬಾರದು. ಅವರು ಮೊದಲು ಮುಖ ಸಣ್ಣ ಮಾಡಿಕೊಂಡರು. ಆಮೇಲೆ ಅರ್ಥ ಮಾಡಿಕೊಂಡರು.

ಅತ್ತೆ ಈಗ ದಿನಾ ಪ್ರತಿ ಪಾತ್ರೆಯಿಂದ ಒಂದು ಗುಟುಕು ನೋಡುತ್ತಾರೆ. ಮೀಟರ್ ಎಷ್ಟೇ ತೋರಿಸಲಿ, ಅವರು ತಲೆ ಆಡಿಸದೆ ಬಾಟಲಿಗೆ ತುಂಬುವುದಿಲ್ಲ. ಒಂದು ಸಲ ಪಿಎಚ್ ಸರಿಯಾಗೇ ಇತ್ತು. ಅವರು "ತಳ ಹಿಡಿದದೆ ಕಣಮ್ಮ" ಅಂದರು. ಸೌಟು ಹಾಕಿ ಕೆರೆದರೆ ನಿಜವಾಗಿಯೂ ಹಿಡಿದಿತ್ತು.

ಈಗ ಇನ್ನೊಂದು ಕೆಲಸ ಹಿಡಿದಿದ್ದೇನೆ. ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಿಂದಲೂ ಕೇಳುತ್ತಾರೆ, ಅಲ್ಲಿಗೆ ತಂಪು ಕೆಡದಂತೆ ಕಳಿಸಲು ನನ್ನ ಕೈಲಿ ಆಗುತ್ತಿಲ್ಲ. ಅದಕ್ಕೆ ಹುರಿಹಿಟ್ಟಿನ ದಾರಿ ನೋಡುತ್ತಿದ್ದೇನೆ. ಅರಳು ಬರುವಂತೆ ಹುರಿದ ರಾಗಿಯ ಹಿಟ್ಟಿಗೆ ಜೀರಿಗೆ, ಉಪ್ಪು ಬೆರೆಸಿ ಪೊಟ್ಟಣ ಕಟ್ಟುವುದು. ಅವರವರ ಮನೆಯ ಮಜ್ಜಿಗೆಯನ್ನು ಅವರೇ ಬೆರೆಸಿಕೊಂಡರೆ ಆಯಿತು. ಜೀವ ಅವರ ಮಜ್ಜಿಗೆಯಿಂದಲೇ ಬರುತ್ತದೆ, ಫ್ರಿಡ್ಜ್ ಗಾಡಿ ಬೇಕಿಲ್ಲ. ಆರು ಸಲ ಮಾಡಿದೆ. ಅತ್ತೆ ಇನ್ನೂ ತಲೆ ಆಡಿಸಿಲ್ಲ, ಹುರಿದ ವಾಸನೆ ಮುಂದೆ ಬರುತ್ತದೆ ಅನ್ನುತ್ತಾರೆ. ನಾಳೆ ರಾಗಿಗೆ ನೀರು ಚಿಮುಕಿಸಿ ಇನ್ನೂ ಸ್ವಲ್ಪ ಹೊತ್ತು ಇಟ್ಟು, ಬಿಸಿ ಮರಳಲ್ಲಿ ಬೇಗ ಅರಳಿಸಿ ನೋಡಬೇಕು.