ಆಟಿಯ ಮಂಕಿಗೆ ವಿಚಿತ್ರ ಹವ್ಯಾಸಗಳ ಪುಸ್ತಕ: ಆರಿಸುವ ಮತ್ತು ಓದುವ ಬಗೆ

ಮಂಗಳೂರು, ಉಡುಪಿಯ ಕಡೆ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಪಾಲು ಸೆಪ್ಟೆಂಬರಿನೊಳಗೇ ಸುರಿದುಬಿಡುವುದರಿಂದ ಬಟ್ಟೆ ಒಣಗುವುದಿಲ್ಲ, ಕರೆಂಟು ಇರುವುದಿಲ್ಲ, ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಬರುವಷ್ಟರಲ್ಲಿ ಮನಸ್ಸಿಗೂ ಮಂಕು ಕವಿದಿರುತ್ತದೆ. ಇಂಥ ದಿನಗಳಲ್ಲಿ ಹಾಸ್ಯ ಲೇಖನಗಳ ಸಂಕಲನಕ್ಕಿಂತ, ಯಾರಿಗೂ ಬೇಡವಾದ ಒಂದು ಹವ್ಯಾಸವನ್ನು ಕುರಿತು ಒಬ್ಬರು ಪೂರ್ಣ ಗಾಂಭೀರ್ಯದಿಂದ ಬರೆದ ಪುಸ್ತಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. (ವಾರಗಟ್ಟಲೆ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಅದು ಪುಸ್ತಕದ ಕೆಲಸವಲ್ಲ, ವೈದ್ಯರನ್ನು ಕಾಣಬೇಕು.)

ಆದ್ದರಿಂದ ಆಯ್ಕೆಯ ಮೊದಲ ಹೆಜ್ಜೆಯೆಂದರೆ, ನಗಿಸಲೆಂದೇ ಹೊರಟ ಪುಸ್ತಕವನ್ನು ಬದಿಗಿಡುವುದು. ಲೇಖಕ ಪುಟಪುಟಕ್ಕೂ ಓದುಗನ ಮುಖ ನೋಡಿ ‘ನಗು ಬಂತೇ?’ ಎಂದು ಕೇಳುತ್ತಿದ್ದರೆ ದಣಿದ ಮನಸ್ಸು ಮತ್ತಷ್ಟು ದಣಿಯುತ್ತದೆ. ತನ್ನ ವಿಷಯ ಬಿಟ್ಟು ಬೇರೇನೂ ಕಾಣದ ಲೇಖಕ ನಮ್ಮಿಂದ ಏನನ್ನೂ ನಿರೀಕ್ಷಿಸುವುದಿಲ್ಲ. ಅವನ ಶ್ರದ್ಧೆಯೇ ನಗು ತರಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಆ ನಗು ಗೌರವಕ್ಕೂ ತಿರುಗುತ್ತದೆ.

ಹೆಸರಿಗೆ ಮರುಳಾಗುವುದು ಎರಡನೆಯ ಅಪಾಯ. 1978ರಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳದ ಬೇಸರ ಕಳೆಯಲೆಂದು ಹುಟ್ಟಿಕೊಂಡ ಡಯಾಗ್ರಾಂ ಬಹುಮಾನವನ್ನು ಆ ವರ್ಷದ ಅತ್ಯಂತ ವಿಲಕ್ಷಣ ಶೀರ್ಷಿಕೆಗೆ ಕೊಡುತ್ತಾರೆ. ಅದರ ವಿಜೇತರ ಪಟ್ಟಿ ಹುಡುಕಾಟಕ್ಕೆ ಒಳ್ಳೆಯ ಆರಂಭವೇನೋ ಹೌದು, ಆದರೆ ಬಹುಮಾನ ಶೀರ್ಷಿಕೆಗೇ ಹೊರತು ಒಳಗಿನ ಬರವಣಿಗೆಗಲ್ಲ. ಮೊದಲ ವರ್ಷ ಗೆದ್ದದ್ದು ಪ್ರಯೋಗಾಲಯದ ಬೋಳು ಇಲಿಗಳನ್ನು ಕುರಿತ ವಿಚಾರ ಸಂಕಿರಣದ ವರದಿ. ಆ ಕ್ಷೇತ್ರದ ವಿಜ್ಞಾನಿಗಳಲ್ಲದವರು ಅದನ್ನು ಬಯಸಿ ಓದುವುದು ಕಷ್ಟ. ಹೀಗಾಗಿ ಪುಸ್ತಕ ಕೈಗೆ ಬಂದಾಗ ಮುನ್ನುಡಿಯನ್ನು ಬಿಟ್ಟು ನಡುವಿನ ಒಂದು ಪುಟವನ್ನು ತೆರೆಯಿರಿ. ಅಲ್ಲಿ ಚಿತ್ರ, ವರ್ಗೀಕರಣ, ಅಳತೆ, ‘ಇದಕ್ಕೊಂದು ಅಪವಾದವಿದೆ’ ಎಂಬಂಥ ಮಾತು ಕಂಡರೆ ಧೈರ್ಯವಾಗಿ ಮನೆಗೆ ತರಬಹುದು.

ಈ ಪರೀಕ್ಷೆಯಲ್ಲಿ ಮೇಲ್ದರ್ಜೆಯಲ್ಲಿ ತೇರ್ಗಡೆಯಾಗುವುದು ಅಮೆರಿಕದ ಕಲಾವಿದ ಜೂಲಿಯನ್ ಮಾಂಟೇಗ್ ಅವರ 2006ರ ಪುಸ್ತಕ. ಅಂಗಡಿಯಿಂದ ತಪ್ಪಿಸಿಕೊಂಡು ಬೀದಿಗೆ ಬಿದ್ದ ಶಾಪಿಂಗ್ ಗಾಡಿಗಳನ್ನು ಗುರುತಿಸುವ ಕೈಪಿಡಿ ಅದು. ಹಕ್ಕಿಗಳ ಕೈಪಿಡಿಯ ಮಾದರಿಯಲ್ಲೇ ಗಾಡಿಗಳನ್ನು ಎರಡು ವರ್ಗ ಮಾಡಿದ್ದಾರೆ: ಮರಳಿ ಅಂಗಡಿ ಸೇರುವ ಸುಳ್ಳು ಅಲೆಮಾರಿಗಳು ಮತ್ತು ಇನ್ನೆಂದೂ ಸೇರದ ನಿಜ ಅಲೆಮಾರಿಗಳು. ಅವುಗಳೊಳಗೆ ಮತ್ತೆ ಉಪವರ್ಗಗಳಿವೆ, ಪ್ರತಿಯೊಂದಕ್ಕೂ ಛಾಯಾಚಿತ್ರದ ಸಾಕ್ಷ್ಯವಿದೆ. ನಾಲ್ಕು ಪುಟ ಓದಿದ ಮೇಲೆ ಪಣಂಬೂರು ಕಡಲತೀರದಲ್ಲಿ ಬಿದ್ದಿರುವ ಒಂಟಿ ಚಪ್ಪಲಿಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ನೀವೂ ಯೋಚಿಸತೊಡಗುತ್ತೀರಿ.

ಇಂಥ ಪುಸ್ತಕದ ಗುಣ ಪೂರ್ತಿ ಹತ್ತಬೇಕಾದರೆ ಓದಿದ್ದನ್ನು ಊರಿಗೆ ಅನ್ವಯಿಸಿ ನೋಡಬೇಕು. ಇಂಗ್ಲೆಂಡಿನ ಸದರ್ನ್ ರೈಲ್ವೆಯಲ್ಲಿ ನೌಕರರಾಗಿದ್ದ ಇಯಾನ್ ಅಲನ್ 1942ರಲ್ಲಿ ಆ ರೈಲ್ವೆಯ ಇಂಜಿನ್‌ಗಳ ಸಂಖ್ಯೆ ಮತ್ತು ವಿವರಗಳ ಒಂದು ಕಿರುಪುಸ್ತಕ ಪ್ರಕಟಿಸಿದರು. ಮುಂದೆ ಮಕ್ಕಳು, ದೊಡ್ಡವರೆನ್ನದೆ ನಿಲ್ದಾಣಗಳಲ್ಲಿ ನಿಂತು, ಕಣ್ಣಿಗೆ ಬಿದ್ದ ಇಂಜಿನ್ನಿನ ಸಂಖ್ಯೆಯ ಕೆಳಗೆ ಗೆರೆ ಎಳೆಯುವುದು ಅಲ್ಲಿ ದೊಡ್ಡ ಹವ್ಯಾಸವಾಯಿತು. ನಮ್ಮಲ್ಲಿ ಇದಕ್ಕೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಚಿಕ್ಕ ನೋಟ್‌ಬುಕ್ಕಿನಲ್ಲಿ ರೂಟ್ ನಂಬರು, ಬಸ್ಸಿನ ಹೆಸರು, ಗಾಜಿನ ಮೇಲೆ ಬರೆಸಿದ ದೇವರ ಹೆಸರು ಇಷ್ಟಕ್ಕೆ ಮೂರು ಕಲಂ ಹಾಕಿಕೊಂಡು ಅರ್ಧ ಗಂಟೆ ನಿಂತರೆ ಸಾಕು. ಕಂಡಕ್ಟರು ‘ಎಲ್ಲಿಗೆ?’ ಎಂದು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡಿರುವುದು ಒಳ್ಳೆಯದು.

ಕೈಕೆಲಸ ಬಲ್ಲವರಿಗೆ ದೈನಾ ತೈಮಿನಾ ಅವರ ದಾರಿ ಇದೆ. ಲಾಟ್ವಿಯಾ ಮೂಲದ ಈ ಗಣಿತಜ್ಞೆ, ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಹೈಪರ್ಬೋಲಿಕ್ ತಲದ (ಎಲ್ಲ ಕಡೆಯೂ ಕುದುರೆ ಜೀನಿನಂತೆ ಬಾಗಿರುವ ಮೇಲ್ಮೈಯ) ಮಾದರಿಯನ್ನು 1997ರಲ್ಲಿ ಕ್ರೋಶಾದಿಂದ ಹೆಣೆದರು. ಅದನ್ನು ಕುರಿತ ಅವರ ಪುಸ್ತಕಕ್ಕೆ ಡಯಾಗ್ರಾಂ ಬಹುಮಾನವೂ ಬಂತು. ವಿಧಾನ ಸರಳವಾಗಿದೆ: ಸಾಲಿನಲ್ಲಿ ಐದು ಹೊಲಿಗೆ ಹಾಕಿ, ಆರನೆಯ ಕಡೆ ಒಂದೇ ಕಣ್ಣಿನಲ್ಲಿ ಎರಡು ಹೊಲಿಗೆ ಹಾಕಿ, ಮತ್ತೆ ಐದು. ಇದೇ ಲೆಕ್ಕವನ್ನು ಪ್ರತಿ ಸಾಲಿನಲ್ಲೂ ತಪ್ಪದೆ ಮುಂದುವರಿಸಿದರೆ ಮೊದಲ ಕೆಲವು ಸಾಲುಗಳಲ್ಲಿ ಚಪ್ಪಟೆಯಾಗಿದ್ದ ಹೆಣಿಗೆ ಬರಬರುತ್ತಾ ಅಂಚಿನಲ್ಲಿ ನೆರಿಗೆಗಟ್ಟಿ ಏಳತೊಡಗುತ್ತದೆ, ಎಷ್ಟು ಒತ್ತಿದರೂ ಮೇಜಿನ ಮೇಲೆ ಮಲಗುವುದಿಲ್ಲ. ಸಾಲುಗಳು ಬೇಗ ಉದ್ದವಾಗುವುದರಿಂದ ನೂಲನ್ನು ಧಾರಾಳವಾಗಿ ತಂದಿಟ್ಟುಕೊಳ್ಳಿ.

ಕನ್ನಡದಲ್ಲೇ ಓದಬೇಕೆನ್ನುವವರು ಬಿ.ಜಿ.ಎಲ್. ಸ್ವಾಮಿಯವರಿಂದ ಆರಂಭಿಸಬಹುದು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕಲು ಕಾಡು ತಿರುಗಿದ ಪ್ರೊಫೆಸರರ ಕಥನ. ಸಸ್ಯಶಾಸ್ತ್ರದ ಶಿಸ್ತು ಎಲ್ಲೂ ಸಡಿಲವಾಗದೆಯೇ ನಗು ಬರುತ್ತದೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಅವರ ಇನ್ನೊಂದು ಪುಸ್ತಕದ ಶೀರ್ಷಿಕೆಗೆ ಬಹುಮಾನ ಕೊಡುವವರು ನಮ್ಮಲ್ಲಿ ಇಲ್ಲದಿರುವುದು ನಷ್ಟವೇ ಸರಿ.

ಕೊಂಡೇ ಓದಬೇಕೆಂದಿಲ್ಲ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿರುವ ಗ್ರಂಥಾಲಯವಾದರೆ 636.5ರಲ್ಲಿ ಕೋಳಿ ಸಾಕಣೆ, 737ರಲ್ಲಿ ನಾಣ್ಯ, 746ರಲ್ಲಿ ಹೆಣಿಗೆ, 790ರ ನಂತರ ಆಟ ಮತ್ತು ಕಾಲಕ್ಷೇಪ ಸಿಗುತ್ತವೆ. ಯಾರೂ ಮುಟ್ಟದೆ ಧೂಳು ಹಿಡಿದಿರುವ ಪುಸ್ತಕವನ್ನೇ ಮೊದಲು ತೆಗೆಯಿರಿ. ನಾಣ್ಯದ ರುಚಿ ಹತ್ತಿದವರಿಗೆ ಉಡುಪಿಯಲ್ಲೇ, 1906ರಲ್ಲಿ ಅಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ, ನಾಣ್ಯಗಳ ಸಂಗ್ರಹಾಲಯವಿದೆ.

ಒಂದೇ ಪಟ್ಟಿಗೆ ಓದಿ ಮುಗಿಸಬೇಡಿ. ರಾತ್ರಿ ಊಟವಾದ ಮೇಲೆ ಹತ್ತು ಪುಟ, ಸಾಧ್ಯವಾದರೆ ಮನೆಯವರಿಗೆ ಕೇಳುವಂತೆ ಗಟ್ಟಿಯಾಗಿ, ವಾರ್ತೆ ಓದುವ ಧಾಟಿಯಲ್ಲಿ ಓದಿ. ಓದುವವರು ನಡುವೆ ನಗಬಾರದು. ಮಳೆಗಾಲ ಮುಗಿಯುವವರೆಗೆ ಪುಸ್ತಕವನ್ನು ಗೋಡೆಗೆ ಒತ್ತಿ ಇಡಬೇಡಿ, ತೇವದ ಕೈಯಲ್ಲಿ ಮುಟ್ಟಬೇಡಿ. ಬೂಷ್ಟು ಹಿಡಿದರೆ ಫ್ಯಾನಿನ ಕೆಳಗೆ ಪುಟ ಬಿಡಿಸಿಟ್ಟು ಚೆನ್ನಾಗಿ ಒಣಗಿಸಿ, ಆಮೇಲೆ ಒಣ ಬಟ್ಟೆಯಿಂದ ಮನೆಯ ಹೊರಗೆ ನಿಂತು ಒರೆಸಿ. ಗ್ರಂಥಾಲಯದ ಪ್ರತಿಯಾದರೆ ಮರಳಿಸಲು ಹೋಗುವಾಗ ಕೊಡೆಯೊಂದನ್ನೇ ನಂಬದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ.