ತೋಟದ ವಿಷಯ ಎಐಗೆ ಕಲಿಸಿದ್ದು ಹೀಗೆ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಬಗೆಯ ಗಿಡಗಳಿವೆ. ಸಂಶಯ ಬಂದರೆ ಮೊಬೈಲಿನಲ್ಲಿ ಎಐಯನ್ನು ಕನ್ನಡದಲ್ಲೇ ಕೇಳುತ್ತೇನೆ. ತೊಂದರೆ ಏನೆಂದರೆ, ಅದು ಎರಡು ಗಿಡಗಳಿಗೂ ಒಂದೇ ಉತ್ತರ ಕೊಡುತ್ತಿತ್ತು. ತಿದ್ದಿದರೆ ಒಪ್ಪಿಕೊಳ್ಳುತ್ತಿತ್ತು. ಹೊಸ ಚಾಟ್ ತೆರೆದರೆ ಮತ್ತೆ ಅದೇ ರಾಗ.

ಚಾಟ್‌ನಲ್ಲಿ ಹೇಳಿದ್ದರಿಂದ ಎಐ ಮಾದರಿ ಬದಲಾಗುವುದಿಲ್ಲ. ಬೇರೆ ಕಡೆ ಉಳಿಸಿಡದಿದ್ದರೆ ಆ ಮಾತು ಆ ಚಾಟ್‌ಗೇ ಮುಗಿಯಿತು.

ಹಾಗಾಗಿ ಎಐಗೆ ಕೊಡಲು ಒಂದು ಫೈಲ್ ಬರೆದೆ. ಕೋಡ್ ಇಲ್ಲ, ಸುಮ್ನೆ ಕನ್ನಡ ವಾಕ್ಯಗಳು. ಆದರೆ ಯಾವ ಗಿಡ, ಯಾವ ಕಾಲ, ಯಾಕೆ ಎನ್ನುವುದು ಸ್ಪಷ್ಟವಾಗಿರಬೇಕು. ಉದಾಹರಣೆಗೆ: ‘ಬಿಳಿ ಕಾಂಡಕೊರಕದ (ಕಾಂಡ ಕೊರೆಯುವ ಹುಳ, ಬೆಳೆದರೆ ದುಂಬಿ) ಕಾಟ ಮುಖ್ಯವಾಗಿ ಅರೇಬಿಕಾಕ್ಕೆ. ದುಂಬಿಗಳು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ ಹೊರಬರುತ್ತವೆ. ಅದಕ್ಕೇ ಅವು ಹಾರುವ ಮೊದಲು ಹುಳ ಹಿಡಿದ ಗಿಡ ಗುರುತಿಸಿ ಕಿತ್ತು ಸುಡಬೇಕು. ದುಂಬಿಗೆ ಬಿಸಿಲು ಇಷ್ಟ.’

ಈ ‘ಯಾಕೆ’ ಸೇರಿಸಿದ್ದೇ ಜಾಸ್ತಿ ಉಪಯೋಗಕ್ಕೆ ಬಂತು. ಅರೇಬಿಕಾ ಕಡೆ ನೆರಳಿನ ಮರಗಳ ಕೊಂಬೆ ಕಡಿಸಲೇ ಎಂದು ಕೇಳಿದೆ. ನೆರಳಿನ ಬಗ್ಗೆ ನಾನು ಏನೂ ಬರೆದಿರಲಿಲ್ಲ. ಬಿಸಿಲು ಹೆಚ್ಚಾದರೆ ಕೊರಕವೂ ಹೆಚ್ಚುತ್ತದೆ, ಜಾಸ್ತಿ ಕಡಿಸಬೇಡಿ ಎಂದಿತು. ತುಂಬಾ ಖುಷಿಯಾಯಿತು.

ಕೊನೆಗೆ ಎರಡು ಸೂಚನೆ ಸೇರಿಸಿದೆ. ಗಿಡದ ಹೆಸರು ಹೇಳದಿದ್ದರೆ ಮೊದಲು ಯಾವ ಗಿಡ ಎಂದು ಕೇಳು. ಫೈಲ್‌ನಲ್ಲಿ ಇಲ್ಲದ್ದನ್ನು ಇಲ್ಲ ಅನ್ನು. ಈಗ ಪ್ರತಿ ಹೊಸ ಚಾಟ್‌ಗೂ ಮೊದಲು ಆ ಫೈಲ್ ಕೊಡುತ್ತೇನೆ. ಔಷಧಿಯ ಅಳತೆ ಮಾತ್ರ ಎಐಗೆ ಕೇಳುವುದಿಲ್ಲ, ಅದಕ್ಕೆ ಕಾಫಿ ಮಂಡಳಿಯವರೇ ಸರಿ.