ಭೂಕಂಪದ ಮೀನನ್ನು ನಾನು ಅಚ್ಚು ಹಾಕಿದ ಬಗೆ

ಭೂಕಂಪದ ಚಿತ್ರ ಅಂದರೆ ಕುಸಿದ ಮನೆಗಳನ್ನೇ ಬರೆಯಬೇಕು ಅಂತೇನಿಲ್ಲ. 1855ರ ನವೆಂಬರಿನಲ್ಲಿ ಎದೋ ನಗರ, ಅಂದರೆ ಇವತ್ತಿನ ಟೋಕಿಯೊ, ನಡುಗಿ ಸುಮಾರು 7,000 ಜನ ಸತ್ತರು. ಆಗ ಅಲ್ಲಿನ ಕಲಾವಿದರು ಬರೆದದ್ದು ಮೀನನ್ನು. ನೆಲದಡಿ ದೊಡ್ಡದೊಂದು ಕ್ಯಾಟ್‌ಫಿಶ್, ಅಂದರೆ ಮೀಸೆಯಿರುವ ಮೀನು ಇದೆ, ಕಾಶಿಮಾ ದೇವರು ಕಲ್ಲಿನಿಂದ ಅದರ ತಲೆ ಅದುಮಿ ಹಿಡಿದಿರುತ್ತಾನೆ ಅನ್ನುವುದು ಅವರ ಕಥೆ. ಹಳೆಯ ಪಂಚಾಂಗದ ಹತ್ತನೇ ತಿಂಗಳು ದೇವರೆಲ್ಲ ಇಜುಮೋ ಅನ್ನುವ ಕಡೆಗೆ ಹೋಗಿಬಿಡುತ್ತಾರಂತೆ, ಮೀನನ್ನು ಅದುಮಲು ಯಾರೂ ಇರುವುದಿಲ್ಲ. ಭೂಕಂಪ ಆದದ್ದೂ ಅದೇ ತಿಂಗಳು! ಆದಿಶೇಷನ ಕಥೆ ಕೇಳಿ ಬೆಳೆದ ನಮಗೆ ಇದೇನೂ ವಿಚಿತ್ರ ಅನ್ನಿಸಲ್ಲ, ಅಲ್ವಾ?

ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಅಚ್ಚು ಹಾಕಿದ ಆ ಚಿತ್ರಗಳಿಗೆ ನಮಜು-ಎ ಅಂತ ಹೆಸರು. ಹೆಚ್ಚಿನವುಗಳಲ್ಲಿ ಕಲಾವಿದನ ಸಹಿಯೂ ಇಲ್ಲ, ಸರ್ಕಾರದ ಅನುಮತಿಯ ಮುದ್ರೆಯೂ ಇಲ್ಲ. ಒಂದರಲ್ಲಿ ಹೆಂಗಸರು ಸೇರಿ ಮೀನಿಗೆ ಸರಿಯಾಗಿ ಬಾರಿಸುತ್ತಿದ್ದಾರೆ. ಮೂಲೆಯಲ್ಲಿ ಬಡಗಿ, ಗಾರೆ ಕೆಲಸದವರು ಅದನ್ನು ಬಿಡಿಸಲು ಓಡಿ ಬರುತ್ತಿದ್ದಾರೆ. ಊರು ಬಿದ್ದರೆ ಅವರಿಗೆ ಕೈತುಂಬ ಕೆಲಸ. ನನ್ನ ಮೀನಿಗೂ ಈ ಎರಡು ಮುಖ ಬೇಕಿತ್ತು. ಸುಮ್ನೆ ರಾಕ್ಷಸನ ಹಾಗೆ ಬರೆದರೆ ಏನು ಮಜಾ? ಹಾಗಾಗಿ ಕಣ್ಣು ಚಿಕ್ಕದು ಮಾಡಿ ಬಾಯಿಯನ್ನು ತುಸು ನಗುವಂತೆ ಕೆತ್ತಿದೆ. ಮೀಸೆಗೆ ಒಂದು ಗಾರೆ ಕರಣೆ ಸಿಕ್ಕಿಸಿದೆ.

ಗೆರೆಗೆ ಒಂದು ಹಲಗೆ, ಪ್ರತಿ ಬಣ್ಣಕ್ಕೆ ಬೇರೆ ಹಲಗೆ. ಎಲ್ಲದರಲ್ಲೂ ಕಾಗದ ಕೂರಿಸಲು ಒಂದೇ ಜಾಗದಲ್ಲಿ ಎರಡು ಕಚ್ಚು ಕೆತ್ತಬೇಕು. ಜಪಾನಿನವರು ಚೆರಿ ಮರ ಬಳಸುತ್ತಿದ್ದರು, ನನಗೆ ಪ್ಲೈವುಡ್ಡೇ ಗತಿ. ಮೀಸೆಯಂಥ ತೆಳು ಗೆರೆಯಲ್ಲಿ ಅದು ಸಿಬಿರು ಏಳುತ್ತದೆ. ಮೊದಲು ಗೆರೆಯ ಎರಡೂ ಬದಿ ಚಾಕುವಿನಿಂದ ಗೀರಿ, ಆಮೇಲೆ ಉಳಿ ಹಾಕಿದರೆ ನಿಲ್ಲುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ನೆಲದ ಬಣ್ಣ. ನೀರಿನ ಬಣ್ಣಕ್ಕೆ ಅಕ್ಕಿಹಿಟ್ಟಿನ ಅಂಟು ಬೆರೆಸಿದರೆ ಅಚ್ಚು ಒಂದೇ ಸಮ ಬರುತ್ತದೆ. ಅಂಟು ಬಿಟ್ಟು, ಹಗುರಾಗಿ ಒತ್ತಿದರೆ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ ಏಳುತ್ತದೆ. ನಡುಗುವ ಮಣ್ಣಿಗೆ ನನಗೆ ಬೇಕಾದದ್ದು ಅದೇ. ಮೀನಿನ ಮೈಗೆ ಮಾತ್ರ ಅಂಟು ಹಾಕಿ ಗಟ್ಟಿ ಕಪ್ಪು ಕೊಟ್ಟೆ.

ಒತ್ತಲು ಬಾರೆನ್, ಅಂದರೆ ಕಾಗದದ ಬೆನ್ನು ಉಜ್ಜುವ ಜಪಾನಿ ಬಿಲ್ಲೆ, ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು ಸಾಕು. ಕಾಗದ ಒದ್ದೆ ಇರುತ್ತದೆ, ಮೇಲೊಂದು ಬಟರ್ ಪೇಪರ್ ಇಟ್ಟು ಉಜ್ಜಿ. ಇಲ್ಲದಿದ್ದರೆ ನಾರು ಕಿತ್ತು ಬರುತ್ತದೆ.